ಒಳಲೆ ಹಿಡಿದ ಕೈ

ಮೊನ್ನೆ ತಂಗಿಯ ಮಗುವಿನ ನಾಮಕರಣಕ್ಕೆಂದು ಹಾಸನದ ಬೆಳ್ಳಿ ಅಂಗಡಿಯಲ್ಲಿ ಒಳಲೆ ನೋಡುತ್ತಿದ್ದೆವು. ಮಕ್ಕಳಿಗೆ ಹಾಲೋ ಗಂಜಿಯೋ ಹಾಕುವ ಆ ಚೂಪು ಮೂತಿಯ ಪುಟ್ಟ ಬಟ್ಟಲನ್ನು ನೀವೂ ಕಂಡಿರುತ್ತೀರಿ. ಕಾಲೇಜಿಗೆ ಹೋಗುವ ನನ್ನ ಮಗಳು ಅದನ್ನು ತಿರುಗಿಸಿ ನೋಡುತ್ತಾ, "ಇದ್ರಲ್ಲೇ ಅಲ್ವಾ ಅಜ್ಜಿ ನನ್ನ ಸಾಯ್ಸೋಕೆ ಹೊರಟಿದ್ದು?" ಎಂದು ನಕ್ಕಳು. ನಮ್ಮ ಮನೆಯಲ್ಲಿ ಅದೊಂದು ಹಳೆಯ ತಮಾಷೆ. ನನಗೆ ಮಾತ್ರ ಎಂದೂ ನಗು ಬಂದಿಲ್ಲ.

ತೊಂಬತ್ತರ ದಶಕ ಶುರುವಾದ ಹೊಸತು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಒಳಲೆ ಹಾಕುವುದೆಂದರೆ ನನ್ನ ಅತ್ತೆಯೇ. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅವರಿಗೆ ಕರೆ ಬರುತ್ತಿತ್ತು. ಕಾಲು ನೀಡಿ ಕೂತು, ಮಗುವಿನ ತಲೆಯನ್ನು ಎತ್ತರಕ್ಕಿಟ್ಟುಕೊಂಡು, "ಅತ್ರೆ ನಿಲ್ಸ್‌ಬುಡವ್ವ. ನುಂಗುದ್ ಮ್ಯಾಲೆ ಇನ್ನೊಂದ್ ಗುಟುಕು. ಅದೇನ್ ಬಸ್ಸಿಗೆ ಓಗ್ಬೇಕಾ?" ಎನ್ನುತ್ತಿದ್ದರು. ಬಸ್ಸಿಗೆ ಹೋಗಬೇಕಾದವಳು ನಾನು. ಚನ್ನರಾಯಪಟ್ಟಣದ ಶಾಲೆಯಲ್ಲಿ ವಿಜ್ಞಾನದ ಮೇಡಂ. ಅನ್ನನಾಳ ಯಾವುದು, ಶ್ವಾಸನಾಳ ಯಾವುದು ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ ಮಹಾಪಂಡಿತೆ!

ಮಗಳಿಗಾಗ ಏಳು ತಿಂಗಳು. ಅತ್ತೆ ಸ್ನಾನಕ್ಕೆ ಹೋಗಿದ್ದರು, ನನಗೆ ಬಸ್ಸಿಗೆ ಹೊತ್ತಾಗಿತ್ತು. ರಾಗಿ ಸರಿಯ ಗಂಜಿ ನಾನೇ ಹಾಕಲು ಕೂತೆ. ಮಗು ಕಿರುಚಿ ಅತ್ತಿತು. ಅಳುವಾಗ ಬಾಯಿ ತೆರೆದೇ ಇರುತ್ತದಲ್ಲ, ಒಳ್ಳೆಯದೇ ಆಯಿತೆಂದು ಸುರಿದೆ. ನೆತ್ತಿಗೆ ಹತ್ತಿ ಮುಖ ನೀಲಿಗಟ್ಟಿತು. ಒದ್ದೆ ಸೀರೆಯಲ್ಲೇ ಓಡಿಬಂದ ಅತ್ತೆ ಮಗುವನ್ನು ಬೋರಲು ಹಾಕಿ ಬೆನ್ನು ತಟ್ಟಿದರು. ಉಸಿರು ಬಂತು. ನಾನು ಬಸ್ಸಿಗೆ ಹೋದೆ. ಹೌದು, ಹೋದೆ.

ಮೂರನೆಯ ದಿನ ಜ್ವರ, ಪಕ್ಕೆ ಸೆಳೆತ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು, "ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದೆ. ಉಳಿದ್ರೆ ನಿಮ್ಮ ಪುಣ್ಯ. ಯಾರ್ರೀ ಹಾಕಿದ್ದು?" ಎಂದು ಗದರಿದರು. ನಾನು ತಲೆ ತಗ್ಗಿಸಿ ಮಗುವಿನ ಹೊದಿಕೆ ಸರಿಪಡಿಸತೊಡಗಿದೆ. ಅತ್ತೆ ನನ್ನತ್ತ ಒಮ್ಮೆ ನೋಡಿ, "ನಾನೇ ಸಾ, ನಾನೇ ಉಯ್ದಿದ್ದು" ಎಂದರು. ಪಕ್ಕದಲ್ಲಿದ್ದ ನನ್ನ ಗಂಡ, "ಇನ್ಮ್ಯಾಲೆ ನನ್ ಮಗೀನ ಮುಟ್‌ಬ್ಯಾಡ ಕಣವ್ವ" ಎಂದುಬಿಟ್ಟರು.

ಹನ್ನೊಂದು ದಿನ ಒದ್ದಾಡಿ ಮಗು ಉಳಿಯಿತು. ಅತ್ತೆಯನ್ನು ಬೀದಿಯಲ್ಲಿ ಮತ್ತೆ ಯಾರೂ ಕರೆಯಲಿಲ್ಲ. ಮೊಮ್ಮಗಳು ತೆವಳಿಕೊಂಡು ಹತ್ತಿರ ಬಂದರೆ ಕೈಯನ್ನು ಸೆರಗಿನೊಳಗೆ ಸೇರಿಸಿ, "ನಿಮ್ಮವ್ವನ್ ತಾವ್ ಓಗು" ಎನ್ನುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಎಂಟು ವರ್ಷ ಕಳೆದು ಅತ್ತೆ ತೀರಿಕೊಂಡರು. ನಾಚಿಕೆಗೆಟ್ಟವಳು ನಾನು.

ಮೊನ್ನೆ ಊರಿಗೆ ಮರಳುವ ಬಸ್ಸಿನಲ್ಲಿ ಮಗಳಿಗೆ ಹೇಳಿದೆ. "ಅವತ್ತು ಹಾಕಿದ್ದು ಅಜ್ಜಿ ಅಲ್ಲ ಕಣೆ, ನಾನು."

ಅವಳು ಕಿಟಕಿಯ ಗಾಜು ಎಳೆದು ಮುಚ್ಚಿದಳು. ಆಮೇಲೆ, "ಅಪ್ಪಂಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?" ಎಂದಳು.

ಮನೆಗೆ ಬಂದಾಗ ಅವರು ಪೇಪರು ಓದುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಪೇಪರು ಮಡಿಸಿಟ್ಟು, "ಸಾಯೋಗಂಟ ಅವ್ವನ್ನ ಮುಖ ಕೊಟ್ಟು ಮಾತಾಡುಸ್ಲಿಲ್ಲವಲ್ಲೇ ನಾನು" ಎಂದರು.