ಸೊಂಡಿಲು ಹಿಂದಿದ್ದ ಆನೆ

ಬೇರೆಯವರು ನಾಣ್ಯ ಕೂಡಿಸುತ್ತಾರೆ, ಅಂಚೆ ಚೀಟಿ ಕೂಡಿಸುತ್ತಾರೆ. ನಾನು ಕೂಡಿಸುವುದು ಬಟ್ಟೆಗೊಂಬೆಗಳ ಮೊದಲ ಪೀಸು. ಅಂದರೆ ಅಂಗಡಿಗೆ ಹೋಗುವ ಮುಂಚೆ ಹೊಲಿದು ನೋಡಿ, ಸರಿಬರಲಿಲ್ಲವೆಂದು ಮೂಲೆಗೆ ಎಸೆದದ್ದು. ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯ ಶೋಕೇಸಿನಲ್ಲಿ ಮೂರು ಕಿವಿಯ ಮೊಲವಿದೆ, ಕತ್ತೇ ಇಲ್ಲದ ಜಿರಾಫೆಯಿದೆ. ಬಂದ ನೆಂಟರು ಮೊದಲು ಅವುಗಳನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ಹೆಂಡತಿ ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ಹೋದ ವರ್ಷ ಗೊಂಬೆ ಅಂಗಡಿಯವನೊಬ್ಬ ಸುದ್ದಿ ಕೊಟ್ಟ. ತಿಕೋಟಾದಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ಈಗ ಅವನಿಗೆ ಗೊಂಬೆಗಳನ್ನೂ ಹೊಲಿದು ಕೊಡುತ್ತಾರಂತೆ. ಅವರು ತಂದ ಮೊಟ್ಟಮೊದಲ ಆನೆಗೆ ಬಾಲ ಮುಖದಲ್ಲಿ, ಸೊಂಡಿಲು ಹಿಂದೆ ಇತ್ತಂತೆ.

"ನಕ್ಕು ನಕ್ಕು ಸಾಕಾಗಿ ವಾಪಸ್ ಕಳಿಸಿದೆ ನೋಡ್ರಿ" ಅಂದ. ನನಗೆ ನಗು ಬರಲಿಲ್ಲ, ಬಾಯಲ್ಲಿ ನೀರೂರಿತು. ಮರುದಿನವೇ ತಿಕೋಟಾ ಬಸ್ ಹತ್ತಿದೆ.

ನಾನು ಆನೆಯ ಮಾತೆತ್ತಿದ್ದೇ ತಡ, ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅದನ್ಯಾಕ ನೋಡ್ತೀರಿ ಸರ್, ಮರ್ಯಾದಿ ಹೋಗ್ತೈತಿ. ಬಬಲೇಶ್ವರದಾಗ ನಮ್ಮ ತಂಗಿ ಅದನ್ನ ಬಾಗಲಾ ಬಡೀಬಾರದಂತ ಅಡ್ಡ ಇಟ್ಟಾಳ."

ನನಗೆ ಅದೇ ಬೇಕು ಎಂದು ಪಟ್ಟು ಹಿಡಿದೆ. ತರಿಸಿ ಇಡುತ್ತೇನೆ, ಮುಂದಿನ ಆಯ್ತವಾರ ಬನ್ನಿ ಎಂದರು. ಆ ಒಂದು ವಾರ ನನಗೆ ಊಟ ಸೇರಲಿಲ್ಲ. ಶೋಕೇಸಿನ ನಡುವಿನ ಜಾಗದಿಂದ ಜಿರಾಫೆಯನ್ನು ಎಬ್ಬಿಸಿದೆ.

ಆಯ್ತವಾರ ಹೋದರೆ ಆನೆ ಹೊಲಿಗೆ ಮಷಿನ್ ಮೇಲೆ ನಿಂತಿತ್ತು. ಮೈಯೆಲ್ಲ ಸೋಪಿನ ವಾಸನೆ, ಕೊರಳಿಗೆ ಕೆಂಪು ರಿಬ್ಬನ್. ಸೊಂಡಿಲು ಮುಖದಲ್ಲಿತ್ತು, ಬಾಲ ಹಿಂದಿತ್ತು.

"ಬಿಚ್ಚಿ ನೆಟ್ಟಗ ಮಾಡೇನಿ ನೋಡ್ರಿ," ಅಂದರು ಅಕ್ಕ. "ಅಷ್ಟು ಆಸೆಪಟ್ಟು ಬಂದವರಿಗೆ ಹಂಗ ಹೆಂಗ ಕೊಡೂದು?"

ನನಗೆ ಅಳು ಬರುವುದೊಂದೇ ಬಾಕಿ. ದಯವಿಟ್ಟು ಮೊದಲಿನ ಹಾಗೆಯೇ ಹೊಲಿದು ಕೊಡಿ ಎಂದು ಕೈಮುಗಿದೆ. ಅವರು ಆನೆಯ ಕೊರಳಿನ ರಿಬ್ಬನ್ ಸರಿಮಾಡಿದರು.

"ಆವಾಗ ಗೊತ್ತಿಲ್ದ ಮಾಡಿದ್ದೆ ಸರ್. ಈಗ ಗೊತ್ತೈತಿ. ಬೇಕಂತ ತಪ್ಪು ಮಾಡಾಕ ನನ್ನ ಕೈ ಒಲ್ಲೆ ಅಂತೈತಿ."

ನನ್ನ ಮುಖ ಬಾಡಿದ್ದಕ್ಕೆ ಹಸಿವೇ ಕಾರಣವೆಂದು ತಿಳಿದು, ಒಂದು ಪೊಟ್ಟಣ ಒಣದ್ರಾಕ್ಷಿ ಕೈಗಿಟ್ಟು ಕಳಿಸಿದರು.

ಮನೆಯಲ್ಲಿ ಹೆಂಡತಿಗೆ ಎಲ್ಲಿಲ್ಲದ ಹಿಗ್ಗು. "ಇಷ್ಟು ವರ್ಷಕ್ಕ ಒಂದು ನೆಟ್ಟಗಿಂದು ತಂದೀರಿ" ಎಂದು ಆನೆಯನ್ನು ತಾನೇ ಶೋಕೇಸಿನ ನಡುವೆ ಇಟ್ಟಳು. ಅವಳು ಅತ್ತ ಹೋದ ಮೇಲೆ ನಾನು ಬ್ಲೇಡು ಹಿಡಿದು ಆನೆಯ ಮುಂದೆ ಕೂತೆ. ನಾನೇ ಬಿಚ್ಚಿ ಅದಲುಬದಲು ಮಾಡಿದರಾಯಿತು ಎಂಬ ಲೆಕ್ಕ. ಆದರೆ ಬಿಚ್ಚಲು ಹೊಲಿಗೆ ಸಿಗಬೇಕಲ್ಲ. ಚಾಳೀಸು ಹಾಕಿಕೊಂಡು, ಸೊಂಡಿಲು ಎತ್ತಿ, ಬೆರಳಾಡಿಸಿ ಹುಡುಕಿದೆ. ಒಂದು ಎಳೆಯೂ ಕಾಣಲಿಲ್ಲ. ಬಾಲ ಎಲ್ಲಿ, ಸೊಂಡಿಲು ಎಲ್ಲಿ ಎಂದು ತಿಳಿಯದಿದ್ದ ಕೈ ಇಷ್ಟು ಚಂದ ಹೊಲಿಯುವುದನ್ನು ಕಲಿತುಬಿಟ್ಟಿತ್ತು. ನನಗೆ ನಾಚಿಕೆಯಾಯಿತು. ಬ್ಲೇಡನ್ನು ಕಾಗದದಲ್ಲಿ ಸುತ್ತಿಟ್ಟು, ಆನೆಯ ಎದುರಿಗೇ ಕೂತು ಒಣದ್ರಾಕ್ಷಿ ತಿಂದೆ.