ಸತ್ತ ಲೈನಿನಲ್ಲಿ ಒಂದು ಗುನುಗು

ಕೋವಿಡ್ ಮುಗಿದ ಮರುವರ್ಷ. ನಾನಾಗ ಮೈಸೂರಿನಲ್ಲಿ ಒಂದು ದೂರವಾಣಿ ಸಂಸ್ಥೆಯ ಸಬ್ ಡಿವಿಜನಲ್ ಎಂಜಿನಿಯರ್; ನಿವೃತ್ತಿ ಹತ್ತಿರವಿತ್ತು. ಅಶೋಕಪುರಂನ ಆ ಬೀದಿಯಲ್ಲಿ ಫೋನ್ ಉಳಿಸಿಕೊಂಡವರೆಲ್ಲ ಫೈಬರ್‌ಗೆ ಬದಲಾಗಿದ್ದರು. ನೆಲದಡಿಯ ಹಳೆಯ ತಾಮ್ರದ ಕೇಬಲ್ ಕಿತ್ತು ಮಾರಲು ಟೆಂಡರ್ ಆಗಿತ್ತು. ಯಾವ ಲೈನಿಗೂ ಜೀವವಿಲ್ಲ ಎಂದು ನಾನು ಸಹಿ ಹಾಕಿದರೆ ಅಗೆತ ಶುರು.

ಗುತ್ತಿಗೆದಾರ ನಾಗರಾಜು ಬೆಳಿಗ್ಗೆಯಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ. ತಾಮ್ರದ ಬೆಲೆ ಏರುತ್ತಿತ್ತು, ಅವರ ರಕ್ತದೊತ್ತಡವೂ. ಎಕ್ಸ್‌ಚೇಂಜಿನಲ್ಲಿ ಪರೀಕ್ಷೆ ಆಗಿದೆ, ಎಲ್ಲ ಲೈನೂ ಸತ್ತಿವೆ, ಇನ್ನೇನು ನೋಡೋದು ಎಂಬುದು ಅವರ ವಾದ. ನಾನೋ ಕೂತಲ್ಲಿ ಕೂರುವವನಲ್ಲ. ರಸ್ತೆ ಬದಿಯ ಪಿಲ್ಲರ್, ಅಂದರೆ ಬೀದಿಯ ತಂತಿಗಳೆಲ್ಲ ಬಂದು ಸೇರುವ ಕಬ್ಬಿಣದ ಪೆಟ್ಟಿಗೆ, ಅದನ್ನು ತೆರೆದು ಟೆಸ್ಟ್ ಫೋನಿನ ಕ್ಲಿಪ್ಪನ್ನು ಒಂದೊಂದೇ ತಂತಿಜೋಡಿಗೆ ಕಚ್ಚಿಸುತ್ತ ಹೋದೆ. ಸದ್ದಿಲ್ಲ, ಸದ್ದಿಲ್ಲ. ಆಮೇಲೆ ಒಂದರಲ್ಲಿ ಯಾರೋ ಗುನುಗುತ್ತಿದ್ದರು.

ಡಯಲ್ ಟೋನ್ ಇಲ್ಲ, ಎಕ್ಸ್‌ಚೇಂಜಿನ ವಿದ್ಯುತ್ತೂ ಇಲ್ಲ. ಗುನುಗು ಮಾತ್ರ ಇದೆ! ಅಭ್ಯಾಸಬಲ ನೋಡಿ, "ಹಲೋ, ಯಾರ್ರೀ ಅಲ್ಲಿ?" ಎಂದು ಬಾಯಿಂದ ಬಂದೇಬಿಟ್ಟಿತು.

ಮರುಕ್ಷಣವೇ ಬೀದಿಯ ಕೊನೆಯ ಟೈಲರಿಂಗ್ ಅಂಗಡಿಯಿಂದ ಒಬ್ಬ ಹೆಂಗಸು ದೊಡ್ಡ ಕತ್ತರಿ ಹಿಡಿದು ಓಡಿಬಂದು, ನಮ್ಮನ್ನು ಕಣ್ಣೆತ್ತಿಯೂ ನೋಡದೆ ಪಿಲ್ಲರಿನ ಎದುರಿನ ಮನೆಗೆ ನುಗ್ಗಿದರು. ಹಿಂದೆಯೇ ಹೋದೆವು. ಒಳಗೆ ಹಾಸಿಗೆಯ ಮೇಲೆ ಹರೆಯದ ಹುಡುಗಿಯೊಬ್ಬಳು ತನ್ನ ಪಾಡಿಗೆ ಗುನುಗುತ್ತಿದ್ದಳು. ತಲೆಯ ಬಳಿ ಮೊಳೆಗೆ ಒಂದು ಹಳೆಯ ರಿಸೀವರ್ ತೂಗುಹಾಕಿತ್ತು.

ಕತ್ತರಿ ಹಿಡಿದಿದ್ದ ತಾಯಿ ಜಯಮ್ಮ. ಮಗಳಿಗೆ ಹುಟ್ಟಿನಿಂದ ಮಾತಿಲ್ಲ, ನಡೆಯಲಾಗದು, ಫಿಟ್ಸ್ ಬರುತ್ತದೆ. ಗುನುಗು ನಿಂತರೆ ತಾಯಿ ಓಡಿಬರಬೇಕು. ಮೊಬೈಲ್ ಇಟ್ಟು ನೋಡಿದ್ದರು. ಕಾಲ್ ಕಟ್ಟಾದಾಗಲೆಲ್ಲ ಹೊಲಿಗೆ ಬಿಟ್ಟು ಓಟ. ಕೊನೆಗೆ ನಮ್ಮದೇ ಲೈನ್‌ಮನ್ ಒಬ್ಬರು ಪಿಲ್ಲರಿನಲ್ಲಿ ಮನೆಯ ತಂತಿಯನ್ನು ಅಂಗಡಿಯ ತಂತಿಗೆ ಸೇರಿಸಿ, ಅಂಗಡಿಯಲ್ಲಿ ಬ್ಯಾಟರಿಯನ್ನೂ ಪುಟ್ಟ ಸ್ಪೀಕರನ್ನೂ ಇಟ್ಟುಕೊಟ್ಟಿದ್ದರಂತೆ. ಅಂದಿನಿಂದ ಜಯಮ್ಮ ಹೊಲಿಯುತ್ತಲೇ ಮಗಳ ಮೇಲೆ ಕಿವಿಯಿಟ್ಟಿರುತ್ತಿದ್ದರು.

"ಮಗು ಹತ್ರ ಗಂಡಸ್ರ ದನಿ ಕೇಳ್ಬುಟ್ಟು ನನ್ ಜೀವಾನೇ ಹೋಯ್ತು ಕಣ್ರೀ" ಎಂದರು. ನನ್ನ ಹಲೋ ಅಂಗಡಿಯ ಸ್ಪೀಕರಿನಲ್ಲಿ ಕೇಳಿಸಿತ್ತು. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

ಹೊರಗೆ ಬಂದಮೇಲೆ ನಾಗರಾಜು, "ಪಾಪ ಅನ್ಸುತ್ತೆ ಸಾರ್. ಆದ್ರೆ ಒಂದ್ ಲೈನಿಗೋಸ್ಕರ ಬೀದಿ ತಾಮ್ರಾನೆಲ್ಲ ಬುಡಕ್ಕಾಗುತ್ತಾ?" ಎಂದರು.

ನನಗೆ ರೇಗಿತು. ರೇಗಿ ಏನು ಮಾಡುವುದು, ಕಾಯಿದೆ ಅವರ ಕಡೆಗಿತ್ತು. ನಮ್ಮ ಲೆಕ್ಕದಲ್ಲಿ ಅದು ಲೈನೇ ಅಲ್ಲ. ಪಿಲ್ಲರಿನ ಸುತ್ತ ಶತಪಥ ಹಾಕಿದೆ. ಆಗ ಹೊಳೆಯಿತು: ಹೆಚ್ಚಿನ ತಾಮ್ರ ಇರುವುದು ಎಕ್ಸ್‌ಚೇಂಜಿನಿಂದ ಪಿಲ್ಲರಿಗೆ ಬರುವ ದಪ್ಪ ಕೇಬಲ್ಲಿನಲ್ಲಿ, ಜಯಮ್ಮನ ಲೈನಿಗೆ ಅದು ಬೇಕೇ ಇಲ್ಲ. ದಪ್ಪದ್ದನ್ನು ಕಿತ್ತುಕೊಳ್ಳಲಿ, ಪಿಲ್ಲರನ್ನೂ ಅಲ್ಲಿಂದ ಮನೆಗಳಿಗೆ ಹೋಗುವ ತೆಳು ಕೇಬಲ್ಲನ್ನೂ ಮುಟ್ಟಕೂಡದು ಎಂದು ಬರೆದೆ. ಕಾರಣ: ಲೈನಿಗೆ ಜೀವವಿದೆ. ನಾಗರಾಜು ಗೊಣಗಿಕೊಂಡೇ ಒಪ್ಪಿದರು.

ಈ ತಾಮ್ರದ ಜಾಲಕ್ಕೆ ಮುಂದೆ ಏನು ಬೆಲೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಎಕ್ಸ್‌ಚೇಂಜಿನಲ್ಲಿ ಕೂತು ಲೆಕ್ಕ ಹಾಕಬೇಡಿ, ತಂತಿಯ ತುದಿಯವರೆಗೂ ನಡೆದು ನೋಡಿ ಎನ್ನುತ್ತೇನೆ. ನನಗೆ ಕೆಲಸ ಕಲಿಸಿದ್ದು ಅದನ್ನೇ. ಆದರೆ ನಿವೃತ್ತನಾದ ನನ್ನ ಸಹಿಗೀಗ ಕಿಮ್ಮತ್ತಿಲ್ಲ. ಆ ಪಿಲ್ಲರಿಗೆ ಯಾವ ದಿನ ಬೇಕಾದರೂ ಗುದ್ದಲಿ ಬೀಳಬಹುದು. ಪೇಪರಿನಲ್ಲಿ ತಾಮ್ರದ ದರ ಏರಿತೆಂದು ಓದಿದರೆ ಸಾಕು, ಕಾಫಿ ಅರ್ಧಕ್ಕೇ ಬಿಟ್ಟು ಕುವೆಂಪುನಗರದಿಂದ ಸ್ಕೂಟರ್ ಹತ್ತಿ ಹೊರಡುತ್ತೇನೆ. ಜಯಮ್ಮನ ಅಂಗಡಿಯ ಬಾಗಿಲಲ್ಲಿ ನಿಂತು, ಹೊಲಿಗೆ ಮಷೀನಿನ ಸದ್ದಿನ ನಡುವೆ ಆ ಗುನುಗು ಕೇಳಿದ ಮೇಲೇ ಮನೆಗೆ ಬರುವುದು.