ಮುನವಳ್ಳಿ ಬಯಲಲ್ಲಿ ವೈನ್ ಪಿಕ್ಚರ್

"ಸರ್, ಶನಿವಾರ ಸಂಜಿಗೆ ಮುನವಳ್ಳಿಗೆ ಬಂದು ನಮ್ಮಪ್ಪನ ಮಗ್ಗಲಕ ಕುಂದರತೀರೇನ್ರಿ?"

ಎರಡು ತಿಂಗಳ ಹಿಂದೆ ಹೀಗೊಂದು ಫೋನ್ ಬಂತು. ಮಾಡಿದವಳು ಶೋಭಾ, ಬೈಲಹೊಂಗಲದ ಕಾಲೇಜಿನಲ್ಲಿ ನನ್ನ ಹತ್ತಿರ ಕೆಮಿಸ್ಟ್ರಿ ಕಲಿತವಳು. ಭಾಷಣಕ್ಕೆ ಕರೆದವರಿದ್ದಾರೆ, ಮದುವೆಗೆ ಕರೆದವರಿದ್ದಾರೆ (ಮದುವೆಯಲ್ಲೂ ಭಾಷಣ ಮಾಡಿಸಿದವರಿದ್ದಾರೆ). ಬರೀ ಕೂತುಕೊಳ್ಳಲು ಕರೆದವಳು ಇವಳೊಬ್ಬಳೇ. ಯಾಕವ್ವಾ ಅಂದೆ.

ಆಗ ವಿಷಯ ಹೊರಬಿತ್ತು. ಎರಡು ವರ್ಷದಿಂದ ಅವಳಿಗೆ ವಿಜಾಪುರದ ಕಡೆ ಒಂದು ವೈನ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಹೇಳಿದ್ದು ಮಾತ್ರ ಜ್ಯೂಸ್ ಫ್ಯಾಕ್ಟರಿ ಎಂದು. (ಪೂರ್ತಿ ಸುಳ್ಳಲ್ಲ ನೋಡಿ. ಜ್ಯೂಸೇ ತಾನೇ ಮುಂದೆ ವೈನ್ ಆಗುವುದು?)

ಈಗ ಧಾರವಾಡದ ಇಬ್ಬರು ಯುವಕರು ನಮ್ಮ ಸೀಮೆಯ ದ್ರಾಕ್ಷಿ ಮತ್ತು ವೈನ್ ಬಗ್ಗೆ ಡಾಕ್ಯುಮೆಂಟರಿ ಮಾಡಿದ್ದರು. ಪ್ರೊಜೆಕ್ಟರ್ ಹೊತ್ತು ಊರೂರು ತಿರುಗಿ ರೈತರಿಗೆ ತೋರಿಸುತ್ತಿದ್ದರು. ಅದರಲ್ಲಿ ಶೋಭಾ ಇದ್ದಾಳೆ. ನಮ್ಮೂರಿಗೂ ಬನ್ನಿ ಎಂದು ಅವರನ್ನು ಕರೆದವಳೂ ಅವಳೇ.

"ಬಾಯಿಲೆ ಹೇಳಾಕ ಭಾಳ ಸಲ ನೋಡಿದೆ, ಆಗಲಿಲ್ರಿ. ತೋರಿಸೇ ಬಿಡ್ತೇನಿ," ಅಂದಳು.

ಇದಕ್ಕೆ ಧೈರ್ಯ ಅನ್ನಬೇಕೋ, ಹುಚ್ಚು ಅನ್ನಬೇಕೋ?

ಅವಳ ಅಪ್ಪ ಬಸವಣ್ಣೆಪ್ಪ ನನಗೆ ಹಳೆಯ ಪರಿಚಯ. ಮಲಪ್ರಭೆಯ ನೀರಿನಲ್ಲಿ ದ್ರಾಕ್ಷಿ ಬೆಳೆದವರು. ಹಣೆ ತುಂಬ ವಿಭೂತಿ, ಲಿಂಗಪೂಜೆ ಆಗದೆ ಬಾಯಿಗೆ ನೀರಿಲ್ಲ. ಆದರೆ ಕುಡಿತದ ಮೇಲಿನ ಅವರ ಸಿಟ್ಟು ಬರೀ ಆಚಾರದ್ದಲ್ಲ. ಅವರ ಅಣ್ಣ ಸೆರೆ ಕುಡಿದು ಕುಡಿದೇ ಹೋದರು. ಗಟಾರದ ಬದಿಯಿಂದ ಅಣ್ಣನನ್ನು ಎತ್ತಿ, ಹೆಗಲ ಮೇಲೆ ಹಾಕಿಕೊಂಡು, ಊರವರ ಕಣ್ಣೆದುರಿಗೇ ಮನೆಗೆ ತರುತ್ತಿದ್ದವರು ಇವರು. ಅಂಥ ಅಪ್ಪನಿಗೆ ಯಾವ ಮಗಳು "ವೈನ್" ಎಂದು ಹೇಳಿಯಾಳು?

ಹೋದೆ. ಶಾಲೆಯ ಬಯಲಲ್ಲಿ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದರು. ಗಾಳಿ ಬೀಸಿದಾಗಲೆಲ್ಲ ಅದು ಹೊಟ್ಟೆ ಉಬ್ಬಿಸುತ್ತಿತ್ತು. ಗಂಡಸರು ಈ ಕಡೆ, ಹೆಣ್ಣುಮಕ್ಕಳು ಆ ಕಡೆ. ಅವರ ನಡುವೆ ಶೋಭಾ, ಪಕ್ಕದಲ್ಲಿ ಅವಳ ತಾಯಿ ನೀಲವ್ವ. ಎಲ್ಲರಿಗಿಂತ ಮುಂದೆ, ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತು ಬಾಗಿಲು ಹಾಕಿಸಿದ್ದ ಸಂಘದ ಹೆಣ್ಣುಮಕ್ಕಳು. ಇವರೂ ಬರಬೇಕಿತ್ತೇ ಅನ್ನಿಸಿತು ನನಗೆ.

ಪಿಕ್ಚರ್ ಶುರುವಾಯಿತು. ದ್ರಾಕ್ಷಿ ಪಡ (ನಮ್ಮ ಕಡೆ ತೋಟಕ್ಕೆ ಹಾಗನ್ನುತ್ತಾರೆ), ಕೊಯ್ಲು, ಹಣ್ಣು ಹಿಂಡುವ ಮಷೀನು, ಸ್ಟೀಲಿನ ದೊಡ್ಡ ದೊಡ್ಡ ಟ್ಯಾಂಕು. ಬಸವಣ್ಣೆಪ್ಪ ಖುಷಿಯಿಂದಲೇ ನೋಡುತ್ತಿದ್ದರು. ಬಳ್ಳಿ ಕಟ್ಟಿದ ರೀತಿ ಸರಿ ಇಲ್ಲ ಎಂದು ನನ್ನ ಕಿವಿಯಲ್ಲಿ ತಕರಾರು ಬೇರೆ.

ಅಷ್ಟರಲ್ಲಿ ಪರದೆಯ ಮೇಲೆ ಬಿಳಿ ಕೋಟು ತೊಟ್ಟ ಶೋಭಾ. ಗಾಜಿನ ಗ್ಲಾಸು ಎತ್ತಿದಳು. ಅಲುಗಾಡಿಸಿದಳು. ಮೂಸಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಆಮೇಲೆ ನುಂಗದೆ ಪಕ್ಕದ ಬಕೆಟ್ಟಿಗೆ ಉಗುಳಿದಳು.

ಹಿಂದಿನಿಂದ ಯಾರೋ ಅಂದರು: "ಬಸವಣ್ಣೆಪ್ಪಣ್ಣ, ಅಕಿ ನಿನ್ನ ಮಗಳಲ್ಲೇನು?"

ಮಗ್ಗುಲಲ್ಲಿ ಕೂತು ಏನು ಮಾಡಬೇಕೆಂದು ಶೋಭಾ ನನಗೆ ಹೇಳಿರಲಿಲ್ಲ. ಅವರ ತೊಡೆಯ ಮೇಲೆ ಕೈಯಿಟ್ಟೆ. ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಅವರು ಎದ್ದು ನಿಂತರು. ನಡೆದೇಬಿಡುತ್ತಾರೆ ಅಂದುಕೊಂಡೆ.

ಪರದೆಯ ಮೇಲೆ ಯಾರೋ ಅವಳನ್ನು ಕೇಳಿದರು, ಹಣ್ಣು ಪಕ್ವವಾಗಿದೆ ಅಂತ ಹೇಗೆ ಗೊತ್ತಾಗುತ್ತದೆ ಎಂದು.

"ಮಷೀನ್ ಅದಾವ್ರಿ," ಅಂದಳು ಪರದೆಯ ಶೋಭಾ. "ಆದ್ರ ನಾ ಮೊದಲ ಬೀಜ ಕಡದು ನೋಡ್ತೇನಿ. ಹಸರ ಇದ್ರ ಕೊಯ್ಯಾಂಗಿಲ್ಲ. ನಮ್ಮಪ್ಪ ಕಲಿಸ್ಯಾರ. ಸಣ್ಣಾಕಿ ಇದ್ದಾಗ ದಿನಾ ಪಡದಾಗ ಅಡ್ಡ್ಯಾಡಿಸಿ ಕಲಿಸ್ಯಾರ."

ಬಸವಣ್ಣೆಪ್ಪ ನಿಂತಲ್ಲೇ ನಿಂತರು. ಕಾಣುವುದಿಲ್ಲ, ಕುಂದರ್ರಿ ಎಂದು ಹಿಂದಿನವರು ಗೊಣಗಿದರು. ಕೂರಲಿಲ್ಲ. ಪಿಕ್ಚರ್ ಮುಗಿಯುವ ತನಕ ಹಾಗೇ ನಿಂತು ನೋಡಿದರು. ಮುಗಿದದ್ದೇ ಹೆಣ್ಣುಮಕ್ಕಳ ಕಡೆಗೆ ನಡೆದರು. ನಾನೂ ಹಿಂದೆ ಹೋದೆ. ಶೋಭಾ ಎದ್ದು ನಿಂತಿದ್ದಳು. ನೀಲವ್ವ ಮಗಳ ಸೆರಗು ಹಿಡಿದುಕೊಂಡಿದ್ದರು.

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಹೇಳಿದ್ರ ಕೆಲಸ ಬಿಡಸ್ತಿದ್ದಿ, ಅಪ್ಪಾ."

"ಹೌದು, ಬಿಡಸ್ತಿದ್ದೆ."

"ಈಗ?"

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಈಗ ನೋಡೇನಲ್ಲ," ಅಂದರು. ಆಮೇಲೆ ಕೇಳಿದರು, "ದಿನಾ ಉಗಳ್ತೀಯೇನು?"

"ದಿನಾ."

"ಮರೀಬ್ಯಾಡ ಮತ್ತ."

ಸಂಘದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಮೊದಲು ನಕ್ಕಳು. ಆಮೇಲೆ ನೀಲವ್ವ. ಕೊನೆಗೆ ಶೋಭಾ ನಗಲು ಹೋಗಿ ಅತ್ತಳು.

ಅಲ್ಲಿಗೆ ಎಲ್ಲ ಸುಖಾಂತವಾಯಿತು ಅಂದುಕೊಳ್ಳಬೇಡಿ. ಮರುದಿನ ಬಸ್ ಹತ್ತಿಸುವಾಗಲೂ ಅಪ್ಪ ಮಗಳ ನಡುವೆ ಮಾತಿರಲಿಲ್ಲವಂತೆ. (ಚೀಲ ಮಾತ್ರ ಅಪ್ಪನೇ ಹೊತ್ತರು.) ಮುಂದೆ ರಾಮದುರ್ಗದ ಕಡೆಯವರು ಕನ್ಯಾ ನೋಡಲು ಬಂದರು. ಮಗಳು ಏನು ಮಾಡುತ್ತಾಳೆ ಎಂದು ಕೇಳಿದಾಗ, ನೀಲವ್ವ "ಜ್ಯೂಸ್" ಅನ್ನುವಷ್ಟರಲ್ಲಿ ಬಸವಣ್ಣೆಪ್ಪ ತಡೆದು, ವೈನ್ ಫ್ಯಾಕ್ಟರಿಯಲ್ಲಿ ಕೆಮಿಸ್ಟ್ ಎಂದು ತಾವೇ ಹೇಳಿದರು. ವರನ ಸೋದರಮಾವ ಚಹಾದ ಕಪ್ಪು ಕೆಳಗಿಟ್ಟರಂತೆ. ಹೋದವರದು ತಿರುಗಿ ಸುದ್ದಿಯಿಲ್ಲ.

ಬೇಜಾರಾಗಿರಬೇಕು ಎಂದು ನಾನೇ ಫೋನ್ ಮಾಡಿದೆ. "ಹೋದ್ರ ಹೋಗಲಿ ಬಿಡ್ರಿ ಸರ," ಅಂದರು. "ಖರೇ ಹೇಳಿ ಕಳಿಸೇನಿ. ಎದಿ ಹಗುರಾತು."

ಹೋದ ವಾರ ಅವರೇ ಬಸ್ ಹತ್ತಿ ಫ್ಯಾಕ್ಟರಿ ನೋಡಿ ಬಂದಿದ್ದಾರೆ. ಗ್ಲಾಸು ಮುಟ್ಟಲಿಲ್ಲ. ಎಂದೂ ಮುಟ್ಟುವವರಲ್ಲ, ಮುಟ್ಟಬೇಕಾಗಿಯೂ ಇಲ್ಲ. ಹಣ್ಣು ಅವಸರದಲ್ಲಿ ಕೊಯ್ದಿದ್ದೀರಿ ಎಂದು ಮ್ಯಾನೇಜರ್ ಜತೆ ವಾದ ಮಾಡಿ, ಮಗಳು ಕಟ್ಟಿಕೊಟ್ಟ ಬುತ್ತಿ ಉಂಡು ಬಂದರಂತೆ.

ಮಕ್ಕಳು ಸುಳ್ಳು ಹೇಳುತ್ತಾರೆ ಎಂದು ನಾವೆಲ್ಲ ದೂರುತ್ತೇವೆ. ನಿಜ ಹೇಳಿದರೆ ಏನಾಗುತ್ತದೆ ಎಂಬ ಹೆದರಿಕೆಯನ್ನು ಅವರಿಗೆ ಕಲಿಸಿದವರು ಯಾರು?